‘ತೌವಾ’ ಪದದ ಅರ್ಥ, ಬಳಕೆ ಹಾಗೂ ಹದಿನಾಲ್ಕು ಮಂದಿ ಅಣ್ಣಂದಿರ ಕುರಿತು

ಕವಾ ಕೂಟದ ಕಾರ್ಯಾಲಯ, ವವಾವು ದ್ವೀಪ, ಟೋಂಗಾ
ಸಂಖ್ಯೆ: ಕಕೂಕಾ/ತೌವಾ/ಅಣ್ಣ/14

ವಿಷಯ: ‘ತೌವಾ’ ಪದದ ಸ್ಪಷ್ಟೀಕರಣ.
ಉಲ್ಲೇಖ: ಕುಮಾರಿ ತೋಕಿಲುಪೆಯವರ ಮೌಖಿಕ ದೂರು (ಕವಾ ಬೋಗುಣಿಯನ್ನು ಕುಟ್ಟುತ್ತಾ ಹೇಳಿದ್ದು).

1. ಕೂಟದ ನಡುವೆ ಕೂತು, ಕವಾ ಬೇರಿನ ಪುಡಿಯನ್ನು ನೀರಿನಲ್ಲಿ ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಹಂಚುವ ಅವಿವಾಹಿತ ಯುವತಿಯನ್ನು ಮಾತ್ರ ‘ತೌವಾ’ ಎನ್ನತಕ್ಕದ್ದು. ‘ಸುಂದರಿ’ ಎಂಬುದು ಪರ್ಯಾಯ ಪದವಲ್ಲ.

2. ತೌವಾಳನ್ನು ಛೇಡಿಸುವುದು ಕೂಟದ ವಾಡಿಕೆಯಾದ್ದರಿಂದ, ಆಕೆಗೆ ಅಣ್ಣ ತಮ್ಮ ವರಸೆಯಾಗುವವರು ಅಲ್ಲಿ ಕೂರತಕ್ಕದ್ದಲ್ಲ. ಟೋಂಗಾದ ವರಸೆಯಂತೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಗಂಡುಮಕ್ಕಳೆಲ್ಲರೂ ಅಣ್ಣತಮ್ಮಂದಿರೇ.

3. ಹೊರದ್ವೀಪದಿಂದ ಬಂದ ಶಿಕ್ಷಕಿ ತೋಕಿಲುಪೆಯವರು ಬೋಗುಣಿಯ ಮುಂದೆ ಕೂತಾಗ, ಸಂಬಂಧಿಕಳಲ್ಲದ ತೌವಾ ಕಡೆಗೂ ಸಿಕ್ಕಳೆಂದು ಹದಿನೈದು ಮಂದಿ ಹಿಗ್ಗಿದ್ದು ಸರಿಯಷ್ಟೆ. ಆದರೆ ಕಾರ್ಯದರ್ಶಿ ಶ್ರೀ ಲಿಸಿಯಾತೆಯವರು ಮೂರೇ ವಾರಗಳಲ್ಲಿ ವಂಶಾವಳಿ ಕೆದಕಿ, ತಮ್ಮೊಬ್ಬರನ್ನುಳಿದು ಹದಿನಾಲ್ಕು ಮಂದಿಯನ್ನೂ ಅಣ್ಣಂದಿರೆಂದು ಎಬ್ಬಿಸಿರುತ್ತಾರೆ. ಶ್ರೀ ಪೌಲಿಯಾಸಿಯವರನ್ನು, ಅವರ ಹಾಗೂ ತೌವಾಳ ಅಜ್ಜಂದಿರಿಬ್ಬರೂ ಒಂದೇ ದೋಣಿಯಲ್ಲಿ ವಾಂತಿ ಮಾಡಿಕೊಂಡಿದ್ದರೆಂಬ ಆಧಾರದ ಮೇಲೆ ಎಬ್ಬಿಸಲಾಗಿದೆ. “ಲೋ ಲಿಸಿ, ನಿಂಗೆ ನಾಚಿಕೆ ಆಗಲ್ವೇನೋ! ನಿನ್ನೆ ತನಕ ಇಲ್ಲದ ತಂಗಿ ಇವತ್ತು ಎಲ್ಲಿಂದ ಹುಟ್ಟಿದ್ಲೋ?” ಎಂದು ಅವರು ಹೊರಡುವಾಗ ನುಡಿದದ್ದನ್ನು ದಾಖಲಿಸಲಾಗಿದೆ.

4. ಒಂದೇ ದೋಣಿ, ಒಂದೇ ಬಗೆಯ ಮೂಗು, ಒಂದೇ ಹಂದಿಯನ್ನು ಅಟ್ಟಿಸಿಕೊಂಡು ಹೋದದ್ದು, ಇವು ಇನ್ನು ಮುಂದೆ ಅಣ್ಣತನಕ್ಕೆ ಆಧಾರವಾಗುವುದಿಲ್ಲವೆಂದು ಈ ಮೂಲಕ ಸೂಚಿಸಲಾಗಿದೆ.

5. ಈಗಾಗಲೇ ಅಣ್ಣಂದಿರಾದವರು ಹೊರಗಿನಿಂದ ‘ತಂಗೀ’ ಎಂದೇ ಕೂಗತಕ್ಕದ್ದು. ಅದೂ ಒಮ್ಮೆ ಮಾತ್ರ, ನಿಟ್ಟುಸಿರಿಲ್ಲದೆ.

6. ಅಳಿದುಳಿದ ಏಕೈಕ ಸದಸ್ಯರಾದ ಕಾರ್ಯದರ್ಶಿಯವರು ಕಳೆದ ಶುಕ್ರವಾರ ಹನ್ನೊಂದು ಚಿಪ್ಪು ಕವಾ ಕುಡಿದು ಒಂದಕ್ಷರವೂ ಮಾತಾಡಿರುವುದಿಲ್ಲ. ಕವಾದಿಂದ ನಾಲಿಗೆ ಜೋಮು ಹಿಡಿದಿತ್ತೆಂಬ ಅವರ ವಿವರಣೆಯನ್ನು ತಿರಸ್ಕರಿಸಲಾಗಿದೆ. ಮೊದಲ ಚಿಪ್ಪಿಗೂ ಮುಂಚೆ ನಾಲಿಗೆಯ ಸ್ಥಿತಿ ಇದೇ ಆಗಿತ್ತು. ದೂರುದಾರರ ಹೇಳಿಕೆ: “ಊರವರನ್ನೆಲ್ಲ ಓಡ್ಸಿ ಇವನೊಬ್ಬ ಕೂತ. ಸರಿ, ಏನೋ ಹೇಳ್ತಾನೆ ಅಂತ ಕಾದೆ. ಊಹ್ಞೂಂ! ಕಿವುಚಿ ಕಿವುಚಿ ನನ್ನ ಕೈ ಸೋತುಹೋಯ್ತು ಮಾರಾಯ್ರೆ!”

7. ಆದ್ದರಿಂದ ಸದರಿ ಕಾರ್ಯದರ್ಶಿಯವರು ಬರುವ ಶುಕ್ರವಾರ ಸಂಜೆಯೊಳಗೆ ತಮ್ಮ ಮನಸ್ಸಿನಲ್ಲಿರುವುದನ್ನು ಆಕೆಗೆ ಬಾಯಿಬಿಟ್ಟು ಹೇಳತಕ್ಕದ್ದು. ತಪ್ಪಿದಲ್ಲಿ ಅವರನ್ನು ಹದಿನೈದನೆಯ ಅಣ್ಣನೆಂದು ಘೋಷಿಸಲಾಗುವುದು. ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ಅಣ್ಣಂದಿರಲ್ಲೊಬ್ಬರಾದ ಅಧ್ಯಕ್ಷರ ಆದೇಶಾನುಸಾರ,
(ಸಹಿ) ಲಿಸಿಯಾತೆ
ಕಾರ್ಯದರ್ಶಿ
(ಸಹಿಯು ಮೂರನೆಯ ಪ್ರಯತ್ನದಲ್ಲಿ ಕೈಗೂಡಿರುತ್ತದೆ.)

ಪ್ರತಿಗಳು:
1. ಹದಿನಾಲ್ಕು ಮಂದಿ ಅಣ್ಣಂದಿರಿಗೆ: ಮಾಹಿತಿಗಾಗಿ. ಬೇಲಿಯ ಹಿಂದೆ ಅಡಗಿ ಕೇಳತಕ್ಕದ್ದಲ್ಲ.
2. ಪಾದ್ರಿಯವರಿಗೆ: ಮುಂಜಾಗ್ರತಾ ಕ್ರಮವಾಗಿ.
3. ಕುಮಾರಿ ತೋಕಿಲುಪೆಯವರಿಗೆ: ಸೂಕ್ತ ಕ್ರಮಕ್ಕಾಗಿ. (ಹಿಂತಿರುಗಿ ಬಂದ ಪ್ರತಿಯ ಮೇಲಿನ ಷರಾ: “ಶುಕ್ರವಾರದ ತನಕ ಯಾಕೆ? ಗುರುವಾರ ನಂಗೆ ಬಿಡುವಿದೆ.”)