ಮೂರು ಎಣಿಸುವವರೆಗೆ ಅಲುಗಾಡಬೇಡಿ

ನನ್ನ ಸೋದರಮಾವನಷ್ಟು ಸ್ಪಷ್ಟವಾಗಿ ಫೋಟೋ ತೆಗೆಯುವವರು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಇನ್ನೊಬ್ಬರಿರಲಿಲ್ಲ. ಒಂದೇ ಷರತ್ತು, ಎದುರಿಗೆ ಕೂತವರು ಸತ್ತಿರಬೇಕು!

ನಗಬೇಡಿ. ಇದು ಸಾವಿನ ಮನೆಗಳ ಕಥೆ. ನಗು ಬಂದೇ ಬಂದರೆ ಹೆಗಲ ಮೇಲಿನ ಬೈರಾಸು ಬಾಯಿಗೆ ಅಡ್ಡ ಹಿಡಿದುಕೊಳ್ಳಿ.

ಮಾವ ಬಂಟ್ವಾಳದ ತಾಲೂಕು ಕಚೇರಿಯ ಎದುರು ಅರ್ಜಿ ಬರೆಯುತ್ತಿದ್ದವರು. ಐವತ್ತರ ದಶಕದ ಕೊನೆಗೆ, ಬೊಂಬಾಯಿಯ ಹೋಟೆಲು ಕೆಲಸ ಬಿಟ್ಟು ಬಂದ ಗೆಳೆಯನೊಬ್ಬ ಅವರಿಗೊಂದು ಹಳೆಯ ಮಡಚುವ ಕ್ಯಾಮೆರಾ ಕೊಟ್ಟ. ಅದರ ಬಾಯಿಯ ಸುತ್ತ ಇಪ್ಪತ್ತೈದು, ಐವತ್ತು, ನೂರು ಎಂದು ಅಂಕೆಗಳು. ನೂರಕ್ಕೆ ತಿರುಗಿಸಿದರೆ ಸೆಕೆಂಡಿನ ನೂರನೇ ಒಂದು ಪಾಲು ಮಾತ್ರ ಅದು ಕಣ್ಣು ಬಿಡುತ್ತದಂತೆ. ಮಾವನಿಗೆ ಇದು ಶುದ್ಧ ಜಿಪುಣತನವಾಗಿ ಕಂಡಿತು! ಅಂಕೆಗಳ ಪಕ್ಕದಲ್ಲಿ, ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಇನ್ನೊಂದು ಗುರುತಿತ್ತು. ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದವರು ವರ್ಷಗಟ್ಟಲೆ ಕದಲಿಸಲಿಲ್ಲ.

"ಕುಚ್ಚಲಕ್ಕಿ ಗಂಜಿ ಬೇಯಲಿಕ್ಕೆ ಹೊತ್ತು ಬೇಡವಾ ಮಾರಾಯ? ಮುಖವೂ ಹಾಗೆಯೇ. ಬೆಳಕು ಒಳಗೆ ಹೋಗಿ ಬೇಯಬೇಕು" ಎನ್ನುತ್ತಿದ್ದರು.

ಮೊದಲು ಬೆಂದದ್ದು ಮೂಡಬಿದಿರೆಯ ಒಂದು ಮದುವೆ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿ, "ಮೂರು ಎಣಿಸುವವರೆಗೆ ಅಲುಗಾಡಬೇಡಿ!" ಎಂದು ಅಪ್ಪಣೆ ಕೊಟ್ಟರು. ಎಣಿಸಿದ್ದಾದರೂ ಹೇಗೆ? ಒಂದಕ್ಕೂ ಎರಡಕ್ಕೂ ನಡುವೆ ಒಂದು ವೀಳ್ಯ ಜಗಿದು ಮುಗಿಸಬಹುದಿತ್ತು! ಮದುಮಗ ಸೀನಿದ, ಮದುಮಗಳಿಗೆ ನಗು ಬಂತು. ಪ್ರಿಂಟು ಬಂದಾಗ ಅವನಿಗೆ ಎರಡು ಮೂಗು, ಅವಳಿಗೆ ಮುಖವೇ ಇಲ್ಲ. ಕುರ್ಚಿಗಳು ಮಾತ್ರ ಬೆತ್ತದ ಹೆಣಿಗೆ ಎಣಿಸುವಷ್ಟು ಸ್ಪಷ್ಟ.

"ನಾವು ಮದುವೆ ಮಾಡಿಸಿದ್ದು ಕುರ್ಚಿಗಳಿಗಾ?" ಎಂದು ಹುಡುಗಿಯ ತಂದೆ ಕೇಳಿದರು.

ಅದೇ ವರ್ಷ ಬೆಳ್ತಂಗಡಿಯಲ್ಲಿ ಒಬ್ಬರು ಅಜ್ಜ ತೀರಿಕೊಂಡರು. ಫೋಟೋ ತೆಗೆಸಿದರೆ ಆಯುಸ್ಸು ಕುಂದುತ್ತದೆಂದು ಹೆದರಿ ಬದುಕಿರುವಾಗ ಕೂರದವರು. ಗೋಡೆಗೊಂದು ಮುಖ ಬೇಕಲ್ಲ? ಆಗಿನ ಪದ್ಧತಿಯಂತೆ ಹೆಣವನ್ನೇ ಕುರ್ಚಿಯಲ್ಲಿ ಕೂರಿಸಿ, ಸುತ್ತ ಮನೆಯವರು ನಿಂತರು. ಮಾವ ನಿಧಾನವಾಗಿ ಮೂರು ಎಣಿಸಿದರು. ಬಿಕ್ಕಿ ಅಳುತ್ತಿದ್ದ ಮಕ್ಕಳು ಮೊಮ್ಮಕ್ಕಳೆಲ್ಲ ಹೊಗೆಯಾಗಿ ಹೋದರು. ಅಜ್ಜನ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು!

ಅಲ್ಲಿಗೆ ಮಾವನ ಹೆಸರು ಊರೂರಿಗೆ ಹಬ್ಬಿತು. ಅವರು ಸ್ಟ್ಯಾಂಡು ಹೊತ್ತು ಬಸ್ಸಿಳಿದರೆ ಜನ "ಯಾರು ಹೋದದ್ದು?" ಎಂದು ಕೇಳುತ್ತಿದ್ದರು. ನಮ್ಮ ಬೀದಿಯ ಒಬ್ಬಳು ಮುದುಕಿಯಂತೂ ಜಗಲಿಯಿಂದಲೇ, "ನಾನಿನ್ನೂ ಇದ್ದೇನೆ, ಮುಂದೆ ಹೋಗಿ!" ಎಂದು ಕೂಗುತ್ತಿದ್ದಳು.

ಹೀಗಿರುವಾಗ ನನ್ನ ಅಮ್ಮ ಮಲಗಿದಳು. ಮಾವನ ಒಬ್ಬಳೇ ತಂಗಿ. ಕೆಮ್ಮು ಎದೆಯನ್ನು ತಿಂದುಹಾಕಿತ್ತು, ಡಾಕ್ಟರು ಕೈ ಚೆಲ್ಲಿದ್ದರು. ನನ್ನ ಪುಟ್ಟ ತಂಗಿಗೆ ಆಗ ಎರಡು ವರ್ಷ.

"ಇವಳಿಗೆ ನನ್ನ ಮುಖ ನೆನಪಿರಲಿಕ್ಕಿಲ್ಲ ಅಣ್ಣ. ನಾನಿರುವಾಗಲೇ ಒಂದು ತೆಗೀರಿ" ಎಂದಳು ಅಮ್ಮ. "ಆದರೆ ಆ ಮೂರು ಕಾಲಿನದ್ದು ಮಾತ್ರ ನನ್ನೆದುರು ತರಬೇಡಿ."

ಮೂರು ಎಣಿಸುವುದರೊಳಗೆ ಮೂರು ಸಲ ಕೆಮ್ಮುವವಳು ಅವಳು. ಮಾವ ಮೊದಲ ಬಾರಿಗೆ ಮುಳ್ಳನ್ನು ನೂರಕ್ಕೆ ತಿರುಗಿಸಿದರು. ಅಂಗಳದ ಕೋಳಿಗಳನ್ನು ಓಡಿಸಿ ಓಡಿಸಿ ಅಭ್ಯಾಸ ಮಾಡಿದರು. ಮಂಗಳೂರಿನ ಸ್ಟುಡಿಯೋದಿಂದ ಬಂದ ಪ್ರಿಂಟುಗಳಲ್ಲಿ ಕೋಳಿಯೂ ಇಲ್ಲ, ಅಂಗಳವೂ ಇಲ್ಲ, ಬರೀ ಕತ್ತಲೆ. "ಇದಕ್ಕೆ ಬಿಸಿಲು ಬೇಕು ಮಾರಾಯ" ಎಂದು ಆಕಾಶ ನೋಡಿದರು. ಅದು ಆಟಿ ತಿಂಗಳು, ಬಿಡದ ಮಳೆ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಒಡೆಯಲಿ, ಆದರೆ ಬರಬೇಕಲ್ಲ! ಮಾವ ಅರ್ಜಿ ಬರೆಯುವುದನ್ನೂ ಬಿಟ್ಟು ಹನ್ನೊಂದು ದಿನ ನಮ್ಮ ಜಗಲಿಯಲ್ಲಿ ಬಿಸಿಲಿಗೆ ಕಾದು ಕೂತರು.

ಹನ್ನೆರಡನೆಯ ದಿನ ಬಿಸಿಲು ಬಂತು. ಅಮ್ಮನನ್ನು ಎತ್ತಿ ತಂದು ಜಗಲಿಯ ಕಲ್ಲಿನ ಕಂಬಕ್ಕೆ ಒರಗಿಸಿ ಕೂರಿಸಿದೆವು. ಅಷ್ಟರಲ್ಲಿ ಮೋಡ ಅಡ್ಡ ಬಂತು. ಕಣ್ಣು ಇನ್ನಷ್ಟು ಹೊತ್ತು ತೆರೆದಿರಲೆಂದು ಮಾವ ಗಡಿಬಿಡಿಯಲ್ಲಿ ಮುಳ್ಳನ್ನು ಇಪ್ಪತ್ತೈದಕ್ಕೆ ಇಳಿಸಿ, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು, ಅಭ್ಯಾಸಬಲದಿಂದ "ಅಲುಗಾಡಬೇಡ" ಎಂದುಬಿಟ್ಟರು.

ಅಮ್ಮ ನಕ್ಕಳು. "ಅಲುಗಾಡದೆ ಇರಲಿಕ್ಕೆ ಇನ್ನೆಷ್ಟು ದಿನ ಉಂಟು ಅಣ್ಣ?"

ಆಮೇಲೆ ಕೆಮ್ಮು ಬಾರದಂತೆ ಉಸಿರು ಬಿಗಿಹಿಡಿದು ನೆಟ್ಟಗೆ ಕೂತಳು. ಮಾವ ಒತ್ತಿದರು.

ಪ್ರಿಂಟು ಬರುವ ಮೊದಲೇ ಅಮ್ಮ ಹೋದಳು. ನೆರೆದ ನೆಂಟರು, "ಕ್ಯಾಮೆರಾ ತನ್ನಿ, ಒಂದು ತೆಗೆಯುವ. ಇದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲವಲ್ಲ" ಎಂದರು. ಮಾವ "ನನಗೆ ಬರುವುದಿಲ್ಲ" ಎಂದು ಹಿತ್ತಿಲಿಗೆ ನಡೆದರು. ಮತ್ತೆ ಯಾರ ಮನೆಗೂ ಹೋಗಲಿಲ್ಲ. ಆ ಸ್ಟ್ಯಾಂಡಿಗೆ ಬಸಳೆ ಹಬ್ಬಿಸಿದರು.

ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲುಂಟು. ಅದರಲ್ಲಿ ಅಮ್ಮನ ಮುಖ ಕಾಣುವುದಿಲ್ಲ. "ಅಮ್ಮ ಸ್ವಲ್ಪ ಅಲುಗಾಡದೆ ಕೂರಬಹುದಿತ್ತು" ಎಂದು ನನ್ನ ತಂಗಿ ಪ್ರತಿ ಸಲ ಬೇಸರ ಮಾಡಿಕೊಳ್ಳುತ್ತಾಳೆ. ನಾನು ಅವಳಿಗೆ ಹಿಂದಿನ ಕಂಬ ತೋರಿಸುತ್ತೇನೆ. ಅದೂ ಎರಡೆರಡಾಗಿದೆ. ಕಲ್ಲಿನ ಕಂಬ ಅಲುಗಾಡುತ್ತದಾ? ಅಮ್ಮ ಅಲುಗಾಡಿರಲಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಅಲುಗಾಡಿದ್ದು ಮಾವನ ಕೈ.