ಬಕೆಟ್ಟಿಗಿಳಿದ ಈಳಿಗೆ

ಕಾರವಾರದ ಒಂದು ಹೈಸ್ಕೂಲಿನಲ್ಲಿ ಹದಿನೈದು ವರ್ಷದಿಂದ ಗುಮಾಸ್ತ ನಾನು. ಅದೂ ವಿಜ್ಞಾನದ ಲ್ಯಾಬಿನ ಪಕ್ಕದ ಕೋಣೆಯಲ್ಲಿ! ರಸಾಯನಶಾಸ್ತ್ರ ಗೋಡೆ ದಾಟಿ ಬಂದು ನನ್ನ ಮೈಗೆ ಹತ್ತಿಬಿಟ್ಟಿತ್ತು. ಹಾಗಾಗಿ ಆಯುಧಪೂಜೆಯ ಹಿಂದಿನ ದಿನ ನನ್ನ ಹೆಂಡತಿ ವೈಜಯಂತಿ ತುಕ್ಕು ಹಿಡಿದ ಈಳಿಗೆಮಣೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಲು ಕುಳಿತಾಗ ಘೋಷಿಸಿಯೇಬಿಟ್ಟೆ: "ನಿಲ್ಲಿಸು! ಈ ತುಕ್ಕನ್ನು ಕರೆಂಟಿನಿಂದ ಓಡಿಸ್ತೇನೆ!"

"ಅದು ಅವ್ವಿ ಕೊಟ್ಟದ್ದು. ಸಂಜೆ ಬಸ್ಸಿಗೆ ಅವಳು ಬತ್ತಾಳೆ. ಏನಾದ್ರೂ ಆದ್ರೆ ನಾ ನಿಮ್ಮ ಪಕ್ಕ ನಿಲ್ಲೂದಿಲ್ಲ!"

ಅವ್ವಿ ಎಂದರೆ ನನ್ನ ಅತ್ತೆ, ಅಂಕೋಲೆ ಕೇಣಿಯ ಗೋದಾವರಿ. ಮೂವತ್ತು ವರ್ಷ ಅದೇ ಈಳಿಗೆಯಲ್ಲಿ ಮೀನು ಕೊಯ್ದು ಮಾರಿ ಮಕ್ಕಳನ್ನು ಸಾಕಿದವರು. ಮಗಳ ಮದುವೆಯಲ್ಲಿ ಅದನ್ನೇ ಕೈಗಿಟ್ಟು ಕಣ್ಣು ಒರೆಸಿಕೊಂಡಿದ್ದರು.

ನಾನು ಬಕೆಟ್ ನೀರಿಗೆ ಎರಡು ಹಿಡಿ ಉಪ್ಪು ಸುರಿದೆ. "ನೋಡು, ಉಪ್ಪು ಕರಗಿತೋ, ಸೋಡಿಯಂ ಅಯಾನು ಬೇರೆ, ಕ್ಲೋರೈಡ್ ಅಯಾನು ಬೇರೆ. ಎಲೆಕ್ಟ್ರಾನ್ ಕೊಟ್ಟವನು ಪ್ಲಸ್, ಪಡೆದವನು ಮೈನಸ್. ಇವರಿಬ್ಬರೂ ಓಡಾಡಿದರೇ ನೀರಲ್ಲಿ ಕರೆಂಟು!"

"ಕೊಟ್ಟವ್ರು ಪ್ಲಸ್ಸಾ? ಈ ಮನೇಲಿ ಹಂಗೇನೂ ಕಾಣೂದಿಲ್ಲ," ಎಂದಳು ವೈಜಯಂತಿ.

ಗ್ಯಾರೇಜಿನ ತಿಮ್ಮುವಿನಿಂದ ತಂದ ಬ್ಯಾಟರಿ ಚಾರ್ಜರಿನ ಕೆಂಪು ತಂತಿಯನ್ನು ಒಂದು ತುಕ್ಕು ಹಿಡಿದ ಮುರುಕು ಗುದ್ದಲಿಗೆ ಸಿಕ್ಕಿಸಿದೆ. ಕಪ್ಪು ತಂತಿಯನ್ನು ಈಳಿಗೆಗೆ ಕಟ್ಟುವಷ್ಟರಲ್ಲಿ ವೈಜಯಂತಿಯ ಕೂಗು ಬಿತ್ತು.

"ಅಯ್ಯೋ, ಪೂಜೆಗಿಡೂ ವಸ್ತುಗೆ ಕರಿ ವೈರಾ? ಕೆಂಪು ಕಟ್ರಿ!"

ಹತ್ತನೇ ತರಗತಿಯ ಮಗಳು ಮಾನಸಾ ಪುಸ್ತಕ ಹಿಡಿದು ಓಡಿ ಬಂದಳು. "ಬೇಡ ಅಪ್ಪಾ! ತುಕ್ಕು ಹೋಗ್ಬೇಕಾದ್ದು ಮೈನಸ್ಸಿಗೇ ಇರ್ಬೇಕು. ಕೆಂಪು ಅಂದ್ರೆ ಪ್ಲಸ್ಸು, ಅದಕ್ಕೆ ಕಟ್ಟಿದ್ರೆ ಕಬ್ಬಿಣವೇ ಎಲೆಕ್ಟ್ರಾನ್ ಬಿಟ್ಟುಕೊಟ್ಟು, ಅಯಾನಾಗಿ ನೀರಿಗೆ ಇಳಿತದೆ!"

"ಲ್ಯಾಬಿನ ಪಕ್ಕ ಕೂತವರು ಯಾರು? ನೀನಾ, ನಾನಾ?" ಎಂದು ಗುಡುಗಿ ತಂತಿ ಅದಲುಬದಲು ಮಾಡಿ, ಎರಡನ್ನೂ ಬಕೆಟ್ಟಿಗಿಳಿಸಿ ಸ್ವಿಚ್ ಒತ್ತಿದೆ. ವಿಜ್ಞಾನವೂ ಉಳಿಯಿತು, ಶಾಸ್ತ್ರವೂ ಉಳಿಯಿತು ಎಂದುಕೊಂಡು ಊಟ ಮಾಡಿ ಒರಗಿದೆ. ಗೊರಕೆಗೆ ಮಾತ್ರ ಯಾವ ಅಯಾನೂ ಬೇಕಾಗಲಿಲ್ಲ!

ನಾಲ್ಕು ಗಂಟೆಗೆ ಎದ್ದು ನೋಡುತ್ತೇನೆ, ಬಕೆಟ್ಟಿನ ತುಂಬ ಕೆಸರು ಬಣ್ಣದ ನೊರೆ. ಗುದ್ದಲಿ ತೆಗೆದು ಒರೆಸಿದೆ, ಹೊಸ ಮದುವಣಿಗನಂತೆ ಮಿಂಚಿತು! ಈಳಿಗೆ ಎತ್ತಿದೆ. ಅಂಚೆಲ್ಲ ಹಲ್ಲುಹಲ್ಲಾಗಿ, ಇಲಿ ಕಡಿದ ಹಪ್ಪಳದಂತಾಗಿತ್ತು. ಮೂವತ್ತು ವರ್ಷದ ಮೀನು ಮುಗಿಸಲಾಗದ್ದನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದೆ.

"ನಾ ಕರಿ ಬ್ಯಾಡ ಅಂದೆ, ಖರೆ. ನೀವು ಓದಿದವ್ರು, ನನ್ನ ಮಾತು ಯಾಕೆ ಕೇಳ್ದ್ರಿ?" ಎಂದಳು ವೈಜಯಂತಿ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳ ಮಾತು ಕೇಳಿದ್ದಕ್ಕೆ ಈ ಶಿಕ್ಷೆ! ಅಂಗಡಿಗೆ ಓಡಿ ಹೊಸದು ತರೋಣವೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೇಟು ಕಿರುಗುಟ್ಟಿತು.

ಅತ್ತೆ ಚೀಲ ಇಳಿಸಿದವರೇ ಈಳಿಗೆ ಕೇಳಿದರು. ಕೊಟ್ಟೆ. ಅವರು ಹೆಬ್ಬೆರಳಿಂದ ಅಂಚನ್ನು ಮೆಲ್ಲಗೆ ಸವರಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದರ ಬಾಯಿ ಎಲ್ಲಿ ಹೋಯ್ತು, ಅಳಿಯಾ?"

"ಎಲ್ಲೂ ಹೋಗಿಲ್ಲ ಅತ್ತೆ! ಎಲೆಕ್ಟ್ರಾನ್ ಕೊಟ್ಟುಬಿಟ್ಟು ಅಯಾನಾಗಿ... ಇಲ್ಲೇ, ಈ ಬಕೆಟ್ಟಲ್ಲೇ ಇದೆ," ಎಂದು ತೊದಲಿದೆ.

ಅತ್ತೆ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ನಿಧಾನವಾಗಿ ಎದ್ದು ನಿಂತರು.

"ಮಾನಸಾ, ನಾಳೆ ಪೂಜೆಗೆ ಈ ಬಕೆಟ್ಟಿಗೇ ಹೂ ಮುಡಿಸು. ದಸರೆ ಮುಗಿದ ಮರುದಿನ ನಾ ಒಂದು ದೊಡ್ಡ ಇಸ್ವಾಣ ಮೀನು ತರ್ತೆ. ನಿನ್ನ ಅಪ್ಪ ಈ ನೀರಲ್ಲೇ ಕೊಯ್ದು ಕೊಡ್ತಾನೆ!"