ಬೇಲಿ ಪಕ್ಕದ ರೋಸ್‌ಮೇರಿ

ಬೆಳಿಗ್ಗೆ ಹಲ್ಲುಜ್ಜುತ್ತ ಬೇಲಿಯ ಬಳಿಗೆ ಬಂದವನಿಗೆ ತನ್ನ ರೋಸ್‌ಮೇರಿ ಗಿಡ ಅರ್ಧ ಕ್ಷೌರಕ್ಕೇ ಎದ್ದು ಬಂದ ತಲೆಯಂತೆ ಕಂಡಿತು. ಬೀದಿಯ ಕಡೆ ಬರೀ ಕಡ್ಡಿ, ಮನೆಯ ಕಡೆ ಮಾತ್ರ ನಾಲ್ಕು ಕೊಂಬೆ ಘಮಘಮ ಸೊಪ್ಪು. ಹೋಗುವವರು ಬರುವವರು ‘ಒಂದೇ ಎಸಳು’ ಎಂದು ಚಿವುಟಿಯೇ ಈ ಗತಿ ತಂದಿದ್ದರು.

ಅವನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೀದಿಯವರಿಗೆಲ್ಲ ಅವನ ಹೆಸರೇ ‘ತಿದ್ದುಪಡಿ’. ಅವನ ಮಾವ ಹೋಟೆಲಿನ ದೊಡ್ಡ ಅಡುಗೆಯವರಾಗಿ ನಿವೃತ್ತರಾದವರು. ಮದುವೆಯಾಗಿ ಆರು ವರ್ಷವಾದರೂ ಅಳಿಯನ ಯಾವ ಗುಣವೂ ಅವರ ನಾಲಿಗೆಗೆ ಹಿಡಿಸಿರಲಿಲ್ಲ. ಇಂದು ಸಂಜೆ ಮೊದಲ ಬಾರಿಗೆ ಊಟಕ್ಕೆ ಬರುವವರಿದ್ದರು. ‘ನಮ್ಮ ಗಿಡದ ಸೊಪ್ಪು ಹಾಕಿ ಆಲೂಗೆಡ್ಡೆ ಹುರಿದು ಬಡಿಸ್ತೀನಿ’ ಎಂದು ಇವನು ಫೋನಿನಲ್ಲಿ ಕೊಚ್ಚಿಕೊಂಡಿದ್ದ. ಈಗ ಅವನ ಮಾನವೆಲ್ಲ ಆ ನಾಲ್ಕು ಕೊಂಬೆಯ ಮೇಲೆ ನಿಂತಿತ್ತು.

ಒಂದು ರಟ್ಟು ತಂದು, ಕಾಗುಣಿತ ತಪ್ಪದಂತೆ ಬರೆದು ನೇತುಹಾಕಿದ: ‘ಎಚ್ಚರಿಕೆ. ಈ ಗಿಡಕ್ಕೆ ನಿನ್ನೆ ವಿಷ ಸಿಂಪಡಿಸಲಾಗಿದೆ.’

ಕಾಫಿ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಗೇಟು ಬಡಿದುಕೊಂಡಿತು. ಮುಂದೆ ಎದುರುಮನೆಯ ಟೈಲರಮ್ಮ, ಹಿಂದೆ ನಿವೃತ್ತ ಹೆಡ್‌ಮಾಸ್ತರು, ಅವರ ಹಿಂದೆ ಅರ್ಧ ಬೀದಿ.

“ನಿನ್ನೆ ನಿಮ್ಮ ಸೊಪ್ಪಿನ ಸೂಪು ಕುಡಿದು ಮಲಗಿದ ನಮ್ಮನೆಯವರು ಇನ್ನೂ ಎದ್ದಿಲ್ಲ” ಎಂದಳು ಟೈಲರಮ್ಮ.

“ಅವರು ಏಳೋದೇ ಹತ್ತಕ್ಕಲ್ವೇನಕ್ಕಾ?”

“ಅದು ಸುಮ್ನೆ ಮಲಗಿದಾಗ. ಇದು ವಿಷ ಕುಡಿದು ಮಲಗಿರೋದು.”

ಹೆಡ್‌ಮಾಸ್ತರು ಟೋಪಿ ತೆಗೆದರು. “ಈ ಸೊಪ್ಪಿನ ನೀರಲ್ಲೇ ನಾನು ತಲೆ ತೊಳೆಯೋದು. ಇವತ್ತು ಬಾಚಣಿಗೆಗೆ ಮೂರು ಕೂದಲು ಬಂತು. ಇದ್ದಿದ್ದೇ ಒಂಬತ್ತು. ಮೊದಲು ಆಸ್ಪತ್ರೆಗೆ ಹೋಗಲೋ, ಪೊಲೀಸಿಗೆ ಹೇಳಲೋ?”

ತಿದ್ದುಪಡಿ ಓಡಿಹೋಗಿ ರಟ್ಟನ್ನು ಕಿತ್ತ. “ವಿಷ ಇಲ್ಲ ಸಾರ್. ಸುಳ್ಳು ಬರೆದೆ.”

“ಹಾಗಾದ್ರೆ ತಿಂದು ತೋರಿಸಿ.”

ಬೀದಿಯೆದುರು ಒಂದಿಡೀ ಕೊಂಬೆಯನ್ನು ಅವನು ಮೇಕೆಯಂತೆ ಅಗಿದ. ಮೂಗಿನೊಳಗೆ ಕರ್ಪೂರ ಹತ್ತಿಸಿದಂತಾಗಿ ಕಣ್ಣಲ್ಲಿ ನೀರು ಬಂತು.

ಹೆಡ್‌ಮಾಸ್ತರು ಕರಗಿದರು. “ತಪ್ಪು ನಮ್ಮದೂ ಇದೆ. ಬೀದಿಗೆ ಶಿಸ್ತಿಲ್ಲ. ಇನ್ನು ಮೇಲೆ ಹೇಳದೆ ಕೇಳದೆ ಯಾರೂ ಇದನ್ನ ಮುಟ್ಟೋ ಹಾಗಿಲ್ಲ. ಆ ಜವಾಬ್ದಾರಿ ನನಗೆ ಬಿಡಿ.”

ತಿದ್ದುಪಡಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಹತ್ತಿಯಷ್ಟು ಹಗುರಾಗಿ ಕೆಲಸಕ್ಕೆ ಹೋದ.

ಸಂಜೆ ಮರಳಿದಾಗ ಗಿಡದ ಪಕ್ಕ ಎರಡು ಕುರ್ಚಿ ಬಿದ್ದಿದ್ದವು. ಒಂದರಲ್ಲಿ ಹೆಡ್‌ಮಾಸ್ತರು, ಇನ್ನೊಂದರಲ್ಲಿ ಸಾಕ್ಷಾತ್ ಮಾವ, ತೊಡೆಯ ಮೇಲೆ ನೋಟ್‌ಬುಕ್ಕು. ಇವನು ನಗುನಗುತ್ತ ಕೊಂಬೆಗೆ ಕೈ ಹಾಕಿದ.

“ಕೈ ತೆಗೀರಿ ಅಳಿಯಂದ್ರೇ” ಎಂದರು ಮಾವ.

ಹೆಡ್‌ಮಾಸ್ತರು ವಿವರಿಸಿದರು: “ಗಿಡ ರಕ್ಷಣಾ ಸಮಿತಿ ಮಾಡಿದ್ವಿ. ಸೊಪ್ಪಿನ ವಿಷಯ ಇಷ್ಟು ತಿಳಿದವರು ಬೇರೆ ಯಾರಿದ್ದಾರೆ ಅಂತ ನಿಮ್ಮ ಮಾವನವರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ವಿ. ದಿನಕ್ಕೆ ಒಂದು ಮನೆಗೆ ಒಂದು ಕಡ್ಡಿ.”

ಮಾವ ಹಾಳೆ ತಿರುವಿದರು. “ನಿಮ್ಮ ಸರದಿ ಗುರುವಾರ.”

“ಮಾವ, ಗಿಡ ನಂದು. ಅದೂ ನಿಮ್ಮ ಊಟಕ್ಕೇ ಕೇಳ್ತಿರೋದು.”

“ಅಳಿಯ ಅಂತ ಅಧ್ಯಕ್ಷನೇ ನಿಯಮ ಮುರಿದ್ರೆ ಬೀದಿಯವರು ಏನಂದ್ಕೊಂಡಾರು?” ಮಾವ ಎದ್ದು, ಆರು ವರ್ಷದಲ್ಲಿ ಮೊದಲ ಬಾರಿಗೆ ಅವನ ಬೆನ್ನು ತಟ್ಟಿದರು. “ಗಿಡ ಮಾತ್ರ ಚೆನ್ನಾಗಿ ಬೆಳೆಸಿದೀರಿ. ನನ್ನ ಊಟದ ಚಿಂತೆ ಬಿಡಿ, ಟೈಲರಮ್ಮ ಕರೆದಿದ್ದಾರೆ. ಇವತ್ತು ಅವರ ಸರದಿ.”